ಸರಿಯಾಯ್ತು, ಎಲ್ಲರಿಗೂ ಧನ್ಯವಾದ

ನಮ್ಮ ಜಿಲ್ಲೆಯಲ್ಲಿ ಈಗ ಅಡಿಕೆ ವ್ಯಾಪಾರಿಗಳಿಗಿಂತ ಕಂಪ್ಯೂಟರ್ ಪಂಡಿತರೇ ಜಾಸ್ತಿ. ಅವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಂಪ್ಯೂಟರ್ ಸಹಾಯದ ಯಾವುದಾದರೂ ವಾಟ್ಸಾಪ್ ಗುಂಪಿಗೆ ಸೇರಿದರೆ ಸಾಕು. ಶಿರಸಿಗೊಂದು, ಕುಮಟೆಗೊಂದು ಗುಂಪಿದೆ. ಕಾರವಾರದಲ್ಲಿ ಇದ್ದದ್ದು ಒಂದೇ. ಅಡ್ಮಿನ್‌ಗಳು ಜಗಳ ಮಾಡಿ ಹಿಸೆಯಾದ ಮೇಲೆ ಎರಡಾಯಿತು.

ಗುಂಪಿಗೆ ಪ್ರಶ್ನೆ ಬರುವ ಕ್ರಮವೇ ಬೇರೆ. ‘ಕಂಪ್ಯೂಟರ್ ಆಗ್ತಾ ಇಲ್ಲ. ಅರ್ಜೆಂಟ್.’ ಇಷ್ಟೇ. ಎಂತ ಆಗ್ತಾ ಇಲ್ಲ ಅಂತ ಕೇಳಿದರೆ ಒಂದು ಫೋಟೋ ಬರುತ್ತದೆ. ಸ್ಕ್ರೀನನ್ನು ಓರೆಯಾಗಿ ನಿಂತು ಫೋನಿನಲ್ಲಿ ಹೊಡೆದದ್ದು. ಅದರಲ್ಲಿ ಗೋಡೆಯ ಕ್ಯಾಲೆಂಡರ್ ಸ್ಪಷ್ಟವಾಗಿ ಕಾಣುತ್ತದೆ, ಚಹಾದ ಲೋಟ ಕಾಣುತ್ತದೆ. ಎರರ್ ನಂಬರ್ ಇರುವ ಜಾಗದಲ್ಲಿ ಮಾತ್ರ ಟ್ಯೂಬ್‌ಲೈಟು ಹೊಳೆಯುತ್ತಿರುತ್ತದೆ.

ಉತ್ತರಗಳು ಫೋಟೋ ತೆರೆದುಕೊಳ್ಳುವ ಮೊದಲೇ ಬಂದಿರುತ್ತವೆ. ‘ರೀಸ್ಟಾರ್ಟ್ ಮಾಡಿ.’ ‘ನಂಗೂ ಸೇಮ್ ಪ್ರಾಬ್ಲಮ್.’ ‘ಚಾಲಿ ಅಡಿಕೆಗೆ ಇವತ್ತು ಎಷ್ಟಿದೆ?’ ಆಮೇಲೆ ಹಿರಿಯರೊಬ್ಬರು ಬರುತ್ತಾರೆ, ‘ಫಾರ್ಮ್ಯಾಟ್ ಹೊಡೀರಿ’ ಎನ್ನುತ್ತಾರೆ. ನಮ್ಮ ಕಡೆ ಮನೆಯಲ್ಲಿ ಯಾರಿಗೆ ಏನೇ ಆದರೂ ಮೊದಲು ಕಷಾಯ ಕುಡಿಸುವ ಹಾಗೆ ಈ ಫಾರ್ಮ್ಯಾಟ್. ಮೌಸ್ ಓಡದಿದ್ದರೂ ಅದೇ, ಸೌಂಡ್ ಬರದಿದ್ದರೂ ಅದೇ. ಕಷಾಯ ಕುಡಿದರೆ ಬಾಯಿ ಕಹಿಯಾಗಬಹುದು, ಅಷ್ಟೇ. ಫಾರ್ಮ್ಯಾಟ್ ಹೊಡೆದರೆ ಮಗಳ ಮದುವೆ ಫೋಟೋ, ಸಂಘದ ಲೆಕ್ಕ ಎಲ್ಲವೂ ಹೋಗುತ್ತದೆ. ಬ್ಯಾಕಪ್ ಇದೆಯಾ ಎಂದು ಕೇಳುವ ಪುಣ್ಯಾತ್ಮ ಸಾಮಾನ್ಯವಾಗಿ ಮಾರನೇ ದಿನ ಬರುತ್ತಾನೆ.

ಆಷಾಢದಲ್ಲಿ ಘಟ್ಟದ ಮೇಲಿನ ಅಕ್ಕೋರೊಬ್ಬರು ಒಂದು ಪ್ರಶ್ನೆ ಹಾಕಿದರು. ಗುಂಪಿನ ಮಟ್ಟಿಗೆ ಅದು ಅಪರೂಪದ ಪ್ರಶ್ನೆ, ಪೂರ್ತಿ ವಾಕ್ಯದಲ್ಲಿತ್ತು. ‘ವೈಫೈ ಪ್ರಿಂಟರ್ ದಿನಾ ಆಫ್‌ಲೈನ್ ಅಂತ ತೋರಿಸ್ತದೆ. ಕರೆಂಟು ಹೋಗಿ ಬಂದ ಮೇಲೇ ಹೀಗಾಗೂದು. ಎಂತ ಮಾಡೂದು?’ ರೋಗವನ್ನೂ ಹೇಳಿ, ಕಾರಣವನ್ನೂ ಅರ್ಧ ಹೇಳಿಬಿಟ್ಟಿದ್ದರು. ಮೊದಲ ಉತ್ತರ: ‘ಆನ್‌ಲೈನ್ ಮಾಡಿ.’ ಎರಡನೆಯವರು ಇಂಕಿನ ಬಗ್ಗೆ ವಿಚಾರಿಸಿದರು. ಮೂರನೆಯವರು ಕಾರ್ಟ್ರಿಜ್ ಬಿಸಿನೀರಿನಲ್ಲಿ ತೊಳೆಯಲು ಹೇಳಿದರು. ನಾಲ್ಕನೆಯವರ ಅಳಿಯನಿಗೆ ಹುಬ್ಬಳ್ಳಿಯಲ್ಲಿ ಪ್ರಿಂಟರ್ ಅಂಗಡಿ ಇದೆಯಂತೆ.

ಹೀಗಾಗಲು ಎಷ್ಟೋ ಸಲ ಕಾರಣ ತೀರಾ ಸಣ್ಣದು. ಮನೆಯ ರೌಟರ್ ಪ್ರತಿ ಯಂತ್ರಕ್ಕೂ ಒಂದೊಂದು ವಿಳಾಸ ಕೊಟ್ಟಿರುತ್ತದೆ. ಕರೆಂಟು ಹೋಗಿ ಬಂದಾಗ ಹೊಸದಾಗಿ ಹಂಚುತ್ತದೆ. ಪ್ರಿಂಟರಿಗೆ ಆಗ ಬೇರೆ ವಿಳಾಸ ಸಿಕ್ಕಿಬಿಡಬಹುದು. ಕಂಪ್ಯೂಟರಿಗೆ ಇದು ಗೊತ್ತಾಗುವುದಿಲ್ಲ, ಹಳೇ ವಿಳಾಸಕ್ಕೇ ಕಳಿಸುತ್ತಾ ಕೂರುತ್ತದೆ. ರೌಟರಿನ ಸೆಟ್ಟಿಂಗಿಗೆ ಹೋಗಿ ಪ್ರಿಂಟರಿಗೆ ಒಂದು ವಿಳಾಸ ಕಾಯಂ ಮಾಡಿದರೆ ಮುಗಿಯಿತು. ಮಳೆಗಾಲದಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲವಲ್ಲ. ಹಾಗಾಗಿ ಇದು ಜಿಲ್ಲೆಯ ಅರ್ಧ ಪ್ರಿಂಟರುಗಳ ಕತೆ ಇರಬೇಕು.

ಈ ಉತ್ತರವನ್ನು ಯಾರೂ ಹೇಳಲಿಲ್ಲವೇ? ಸಿದ್ದಾಪುರದ ಕಡೆಯ ಹುಡುಗನೊಬ್ಬ ಹೇಳಿದ, ಬಿಡಿಸಿ ಬಿಡಿಸಿ ಬರೆದ. ಅಷ್ಟರಲ್ಲಿ ಯಾರೋ ಮೊಮ್ಮಗನ ಹುಟ್ಟುಹಬ್ಬದ ಫೋಟೋ ಹಾಕಿದರು. ಸಾಲು ಸಾಲು ಕೇಕು, ಬಲೂನು, ಜೋಡಿಸಿದ ಕೈಗಳು ಬಂದವು. ಹುಡುಗನ ಉತ್ತರ ಮೇಲೆ ಹೋಗಿ ಎಲ್ಲೋ ಮಾಯವಾಯಿತು. ಪಾಪ, ಅವನೂ ಕೊನೆಗೆ ‘ಹ್ಯಾಪಿ ಬರ್ತ್‌ಡೇ ಪುಟ್ಟ’ ಎಂದು ಬರೆದು ಸುಮ್ಮನಾದ.

ನುಡಿ ಫಾಂಟಿನ ಜಗಳವಂತೂ ಮುಗಿಯುವ ಜಾತಿಯದಲ್ಲ. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಅಂತ ಬರೆದದ್ದರ ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ ಬಂದು ಕೂತಿರುತ್ತದೆ. ಎಲ್ಲ ಕಂಪ್ಯೂಟರಿನಲ್ಲೂ ಓದಲಾಗುವ ಯೂನಿಕೋಡಿಗೆ ಬದಲಿಸಿಕೊಂಡರೆ ಆಯಿತು, ಅದಕ್ಕೆ ಕನ್ವರ್ಟರುಗಳೂ ಇವೆ. ಗುಂಪಿನಲ್ಲಿ ಒಬ್ಬರು ಮಾತ್ರ ಇದನ್ನು ವೈರಸ್ ಎಂದು ಘೋಷಿಸಿ ಆಂಟಿವೈರಸ್ ಮಾರಿದರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತಲ್ಲ, ಆ ವಾರ ನೋಡಬೇಕಿತ್ತು. ‘ನಾಳೆಯಿಂದ ಕಂಪ್ಯೂಟರ್ ಆನ್ ಆಗೂದಿಲ್ಲ, ಹತ್ತು ಜನರಿಗೆ ಕಳಿಸಿ’ ಎಂದು ಮೆಸೇಜು. ನಿಂತದ್ದು ಸೆಕ್ಯುರಿಟಿ ಅಪ್‌ಡೇಟುಗಳು, ಕಂಪ್ಯೂಟರ್ ಅಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ಪು ಬೇಕು ಎಂಬ ಸುದ್ದಿ ಬಂದದ್ದೇ ತಡ, ‘ಟಿಪಿಎಂ ಕುಮಟೆಯಲ್ಲಿ ಸಿಗ್ತದಾ? ಕಿಲೋಕ್ಕೆ ಎಷ್ಟು?’ ಎಂದು ಒಬ್ಬರು ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿಯೋ, ಈ ಗುಂಪಿನಲ್ಲಿ ಹೇಳುವುದು ಕಷ್ಟ. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಒಳಗೇ ಇರುತ್ತದೆ, ಬಯೋಸ್ ಎಂಬ ಒಳಗಿನ ಸೆಟ್ಟಿಂಗಿನಲ್ಲಿ ಆಫ್ ಆಗಿರುತ್ತದೆ ಅಷ್ಟೇ.

ಯಾರಿಂದಲೂ ಆಗದಿದ್ದಾಗ ಗೂಗಲ್‌ನಲ್ಲಿ ಸಿಕ್ಕಿದ ಒಂದು ‘ಕಸ್ಟಮರ್ ಕೇರ್’ ನಂಬರ್ ಗುಂಪಿಗೆ ಬೀಳುತ್ತದೆ. ಆ ನಂಬರಿನವರು ಮೊದಲ ರಿಂಗಿಗೇ ಎತ್ತುತ್ತಾರೆ. ಸಾರ್ ಎನ್ನುತ್ತಾರೆ. ಸಮಸ್ಯೆಯನ್ನು ಕೊನೆಯವರೆಗೆ ಕೇಳುತ್ತಾರೆ. ಆಮೇಲೆ ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆ ಗುಡಿಸುತ್ತಾರೆ. ನಮ್ಮ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುವವರು ಕಳ್ಳರು ಮಾತ್ರ ಎಂದಾಯಿತು. ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಗುಂಪಿನಲ್ಲಿ ಆ ಸಲಹೆ ಬರುವುದು ಎರಡು ದಿನ ಬಿಟ್ಟು, ಅದೂ ಸುಪ್ರಭಾತದ ಜೊತೆಗೆ.

1991ರ ಆಗಸ್ಟ್ 25ರಂದು ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಇಂಥದೇ ಒಂದು ಗುಂಪಿನಲ್ಲಿ ಬರೆದಿದ್ದ. ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್ ಮಾಡುತ್ತಿದ್ದೇನೆ, ನೀವು ಬಳಸುವ ಮಿನಿಕ್ಸ್ ಎಂಬ ಸಿಸ್ಟಮ್ಮಿನಲ್ಲಿ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ ಹೇಳಿ ಎಂದು. ಅಲ್ಲಿಯವರು ಪ್ರಶ್ನೆ ಓದಿ ಉತ್ತರ ಕೊಟ್ಟರು. ಅದೇ ಲಿನಕ್ಸ್ ಆಯಿತು. ಅವನು ನಮ್ಮ ಗುಂಪಿಗೆ ಬಂದಿದ್ದರೆ, ‘ತಮ್ಮಾ, ಸುಮ್ನೆ ಯಾಕೆ ಅದೆಲ್ಲ, ಫಾರ್ಮ್ಯಾಟ್ ಹೊಡಿ’ ಎಂದು ಹೇಳಿ ಕಳಿಸುತ್ತಿದ್ದರು.

ಅಕ್ಕೋರ ಪ್ರಿಂಟರ್ ವಿಷಯ ಅಲ್ಲಿಗೇ ನಿಂತಿತ್ತು. ಒಂದು ಸೋಮವಾರ ಅವರು ‘ಸರಿಯಾಯ್ತು, ಎಲ್ಲರಿಗೂ ಧನ್ಯವಾದ’ ಎಂದು ಬರೆದರು. ಆನ್‌ಲೈನ್ ಮಾಡಿ ಎಂದವರು, ಕಾರ್ಟ್ರಿಜ್ ತೊಳೆಯಿರಿ ಎಂದವರು, ಎಲ್ಲರೂ ಧನ್ಯವಾದ ಸ್ವೀಕರಿಸಿದರು. ಅದೇ ತೊಂದರೆಯಲ್ಲಿದ್ದ ಅಂಕೋಲೆಯ ಝೆರಾಕ್ಸ್ ಅಂಗಡಿಯವರು ಮಾತ್ರ ಬಿಡಲಿಲ್ಲ. ‘ಅಕ್ಕೋರೇ, ಹೇಗೆ ಸರಿ ಮಾಡಿದ್ರಿ? ಸ್ವಲ್ಪ ಹೇಳಿ ಮಾರಾಯ್ರೇ.’

‘ನಂಗೆಂತ ಗೊತ್ತು? ಮಗ ಬೆಂಗ್ಳೂರಿಂದ ಬಂದಿದ್ದ. ಎಂತದೋ ಒತ್ತಿದ, ರಾತ್ರಿ ಬಸ್ಸಿಗೆ ಹೋದ. ಚೌತಿಗೆ ಬರ್ತಾನೆ, ಆವಾಗ ಕೇಳಿ ಹೇಳ್ತೇನೆ.’

‘ಈ ಸಲ ಚೌತಿ ಯಾವತ್ತು?’ ಎಂದು ಅಂಕೋಲೆಯವರು ಕೇಳಿದರು. ಒಂದೇ ನಿಮಿಷದಲ್ಲಿ ಆರು ಜನ ಉತ್ತರಿಸಿದರು. ತಿಥಿ, ವಾರ, ಗಣಪತಿ ಕೂರಿಸುವ ಮುಹೂರ್ತ ಎಲ್ಲ ಇತ್ತು. ಆರೂ ಸರಿಯಾಗಿದ್ದವು.