ಹತ್ತು ಸಾವಿರ ಗಂಟೆ ಮೊದಲು, ಬೋರ್ಡು ಆಮೇಲೆ

ಅಪ್ಪನ ಬೈಪಾಸ್ ಆಗಿ ಎಂಟು ತಿಂಗಳಾಯಿತು. ಈಗ ಪುಣೆಯ ಹಡಪಸರದ ನಮ್ಮ ಸೊಸೈಟಿಯೊಳಗೆ ದಿನಾ ನಾಲ್ಕು ಸುತ್ತು ನಡೆಯುತ್ತಾರೆ. ಆಪರೇಷನ್ ಆದ ರಾತ್ರಿ ಎರಡು ಗಂಟೆಗೆ, ಐಸಿಯು ಹೊರಗೆ ಬೆಂಚಿನ ಮೇಲೆ ಮಲಗಿದ್ದ ನನ್ನನ್ನು ಎಬ್ಬಿಸಿ, ಎದೆಗೆ ಹಾಕಿದ ನಳಿಕೆಯಲ್ಲಿ ರಕ್ತ ಜಾಸ್ತಿ ಬರ್ತಿದೆ, ಮತ್ತೆ ಥಿಯೇಟರ್‌ಗೆ ಒಯ್ಯಬೇಕು, ಸಹಿ ಹಾಕಿ ಅಂದರು. ಅದನ್ನು ಮೊದಲು ಗಮನಿಸಿ ಸರ್ಜನ್‌ಗೆ ಫೋನ್ ಮಾಡಿ ಮನೆಯಿಂದ ಕರೆಸಿದ್ದು ಡಾಕ್ಟರ್ ಅಲ್ಲ, ಒಬ್ಬ ಫಿಜಿಷಿಯನ್ ಅಸಿಸ್ಟೆಂಟ್ (ಪಿಎ), ಅಂದರೆ ಡಾಕ್ಟರ್ ಕೈಕೆಳಗೆ ಚಿಕಿತ್ಸೆಗೆ ನೆರವಾಗಲು ತರಬೇತಿ ಪಡೆದವಳು. ಬೆಳಗಾವಿ ಕಡೆಯ ಹುಡುಗಿ. ಬೈಪಾಸ್‌ಗಾಗಿ ಅಪ್ಪನ ಕಾಲಿನಿಂದ ರಕ್ತನಾಳ ತೆಗೆದುಕೊಟ್ಟವಳೂ ಅವಳೇ.

ಅಪ್ಪ ವಿಜಯಪುರದವರು, ಅವಳ ಕನ್ನಡ ಕೇಳಿದ್ದೇ ಅರ್ಧ ವಾಸಿಯಾದರು. "ಡಾಕ್ಟರವ್ವ" ಅಂತ ಕರೆದಾಗೆಲ್ಲ ಅವಳು, "ಕಾಕಾ, ನಾ ಡಾಕ್ಟರ್ ಅಲ್ರಿ, ಪಿಎ" ಅಂತ ತಿದ್ದುತ್ತಿದ್ದಳು. ಒಂದು ದಿನವೂ ಸುಮ್ನೆ ಬಿಡಲಿಲ್ಲ. ಆ ರಾತ್ರಿ ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಆರು ವರ್ಷದಾಗ ಇಂಥವು ಭಾಳ ನೋಡೀನ್ರಿ. ಮೊದಲನೇ ವರ್ಷ ಆಗಿದ್ರ ತಿಳೀತಿರಲಿಲ್ಲ" ಅಂದಳು.

ಪಿಎಗಳು ಡಾಕ್ಟರ್ ಮೇಲುಸ್ತುವಾರಿ ಇಲ್ಲದೆ ತಾವೇ ಚಿಕಿತ್ಸೆ ಮಾಡಬಹುದಾ ಅನ್ನೋ ಅಮೆರಿಕದ ಚರ್ಚೆ ಓದುವಾಗೆಲ್ಲ ನನಗೆ ಈ ಮಾತೇ ನೆನಪಾಗುತ್ತದೆ. ಈ ಕೆಲಸ ಶುರುವಾಗಿದ್ದೇ ಅಲ್ಲಿ, 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ಡಾಕ್ಟರುಗಳ ಕೊರತೆ ಇತ್ತು, ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡು ಪಳಗಿದವರನ್ನೇ ಮೊದಲ ತಂಡಕ್ಕೆ ತೆಗೆದುಕೊಂಡರು. ಅಂದರೆ ಅನುಭವ ಇದ್ದವರು. ಈಗ ಅಲ್ಲಿನ ಕೆಲವು ರಾಜ್ಯಗಳು ಡಾಕ್ಟರ್ ಜೊತೆ ಲಿಖಿತ ಒಪ್ಪಂದ ಇರಲೇಬೇಕು ಅನ್ನೋ ನಿಯಮವನ್ನು ಸಡಿಲಿಸಿವೆ. ಯೂಟಾ ರಾಜ್ಯದ 2021ರ ಕಾನೂನು ನನಗೆ ಹಿಡಿಸಿತು, ಯಾಕಂದರೆ ಅದು ಗಂಟೆ ಎಣಿಸುತ್ತದೆ. 10,000 ಗಂಟೆ ಕೆಲಸ ಮಾಡಿದ ಮೇಲೆಯೇ ಸ್ವತಂತ್ರ. ವಾರಕ್ಕೆ 40 ಗಂಟೆ ಅಂದರೂ ಹತ್ತಿರ ಹತ್ತಿರ ಐದು ವರ್ಷ!

ನಮ್ಮಲ್ಲಿ? 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆಯ 32ನೇ ಸೆಕ್ಷನ್‌ನಲ್ಲಿ ಪೂರ್ತಿ ಡಾಕ್ಟರ್ ಅಲ್ಲದ, ಮಧ್ಯಮ ಹಂತದ ಆರೋಗ್ಯ ಸಿಬ್ಬಂದಿಯಾದ ಕಮ್ಯುನಿಟಿ ಹೆಲ್ತ್ ಪ್ರೊವೈಡರ್‌ಗಳಿಗೆ ಸೀಮಿತ ಲೈಸೆನ್ಸ್ ಕೊಡುವ ದಾರಿ ಇದೆ. ಪ್ರಾಥಮಿಕ ಹಂತದಲ್ಲಿ ಕೆಲವು ಔಷಧಿಗಳನ್ನು ಅವರೇ ಬರೆಯಬಹುದು, ಉಳಿದದ್ದಕ್ಕೆ ಡಾಕ್ಟರ್ ಮೇಲುಸ್ತುವಾರಿ ಬೇಕು. ಅವರ ಸಂಖ್ಯೆ ಒಟ್ಟು ಡಾಕ್ಟರುಗಳ ಮೂರನೇ ಒಂದು ಭಾಗ ಮೀರಬಾರದು ಅಂತ ಕಾಯ್ದೆಯಲ್ಲೇ ಬರೆದಿದ್ದಾರೆ. ಆದರೆ ಎಷ್ಟು ವರ್ಷ ಯಾರ ಕೈಕೆಳಗೆ ಕಲಿತಿರಬೇಕು ಅನ್ನೋದು ಕಾಯ್ದೆಯಲ್ಲಿ ಇಲ್ಲ, ನಿಯಮಗಳಿಗೆ ಬಿಟ್ಟಿದ್ದಾರೆ. ತಲೆ ಎಣಿಸಿದ್ದಾರೆ, ಗಂಟೆ ಎಣಿಸಿಲ್ಲ.

ಇದಕ್ಕೆ ನಾನು ಯಾಕೆ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ ಅಂದರೆ, ಬೈಪಾಸ್‌ಗೆ ಮುಂಚೆ ಅಪ್ಪ ಎದೆ ಉರಿ ಅಂತ ಎರಡು ಸಲ ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋಗಿದ್ದರು. ಬೋರ್ಡಿನಲ್ಲಿ 'ಡಾ.' ಅಂತ ದಪ್ಪ ಅಕ್ಷರ, ಹೋಮಿಯೋಪತಿ ಡಿಗ್ರಿ ಕೆಳಗೆಲ್ಲೋ ಸಣ್ಣದಾಗಿ. ಎರಡೂ ಸಲ ಆಸಿಡಿಟಿ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಸಿಜಿ ಮಾಡಿಸಿ ಅಂತ ಒಂದು ಮಾತೂ ಇಲ್ಲ. ಸಕ್ಕರೆ ಕಾಯಿಲೆಯ 68 ವರ್ಷದ ಮನುಷ್ಯನಿಗೆ! ಮನಸ್ಸು ಕೆಟ್ಟದ್ದಲ್ಲ ಅವರದ್ದು, ಅನುಮಾನ ಬಂದಾಗ ಕೇಳೋಕೆ ಮೇಲೊಬ್ಬರು ಇರಲಿಲ್ಲ, ಅನುಮಾನ ಬರುವಷ್ಟು ಹೃದಯದ ರೋಗಿಗಳನ್ನೂ ಅವರು ನೋಡಿರಲಿಲ್ಲ. ಮಹಾರಾಷ್ಟ್ರದಲ್ಲಿ 2014ರಲ್ಲೇ ಕಾನೂನು ತಿದ್ದಿ, ಒಂದು ವರ್ಷದ ಕೋರ್ಸ್ ಮಾಡಿದ ಹೋಮಿಯೋಪತಿಯವರು ಅಲೋಪತಿ ಔಷಧಿ ಬರೆಯಬಹುದು ಅಂತ ಮಾಡಿದರು. ಅವರನ್ನು ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಾಯಿಸುವುದನ್ನು ವಿರೋಧಿಸಿ 2025ರ ಸೆಪ್ಟೆಂಬರ್‌ನಲ್ಲಿ ಅಲೋಪತಿ ಡಾಕ್ಟರುಗಳು ಒಂದು ದಿನ ಮುಷ್ಕರವನ್ನೂ ಮಾಡಿದರು.

ಹಳ್ಳಿಗೆ ಡಾಕ್ಟರ್ ಬರಲ್ಲ, ಯಾರೂ ಇಲ್ಲದೆ ಇರೋದಕ್ಕಿಂತ ಇಂಥ ಸೀಮಿತ ಲೈಸೆನ್ಸಿನವರಾದರೂ ಇರಲಿ ಅನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಇಂಡಿ ತಾಲೂಕಿನ ನಮ್ಮೂರಿನಲ್ಲಿ ರಾತ್ರಿ ಎದೆ ನೋವು ಬಂದರೆ ಏನು ಪಾಡು ಅಂತ ನನಗೂ ಗೊತ್ತು. ಆದರೆ ಅಲ್ಲಿಗೆ ಹೋಗುವವರು ಯಾರು? ದೊಡ್ಡ ಆಸ್ಪತ್ರೆಯಲ್ಲಿ ಆರು ವರ್ಷ ಪಳಗಿದವರನ್ನು ಸಂಬಳ ಜಾಸ್ತಿ ಕೊಟ್ಟು ಪುಣೆಯೇ ಇಟ್ಟುಕೊಳ್ಳುತ್ತದೆ. ಹೊಸದಾಗಿ ಪಾಸಾದ ಮಕ್ಕಳನ್ನು ಒಂಟಿಯಾಗಿ ಊರಿಗೆ ಕಳಿಸುತ್ತಾರೆ. ತಪ್ಪಾದರೆ ಜನರ ಕೈಗೆ ಸಿಗೋದೂ ಆ ಮಕ್ಕಳೇ.

ಅದಕ್ಕೇ ಗಂಟೆಗಳ ಲೆಕ್ಕ ಕಾಯ್ದೆಯಲ್ಲೇ ಇರಲಿ, ನಿಯಮದಲ್ಲಿ ಬೇಡ. ಊರಲ್ಲಿ ಇರುವವರಿಗೆ ಫೋನ್ ಎತ್ತುವ ಡಾಕ್ಟರ್ ಯಾರು ಅಂತ ಹೆಸರು ಸಮೇತ ಬರೆದಿರಲಿ. ಬೋರ್ಡಿನ ಮೇಲೆ ತಾವು ಏನು ಓದಿದ್ದೇವೆ ಅನ್ನೋದು ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಇರಲಿ.

ಆ ಬೆಳಗಾವಿ ಹುಡುಗಿ ನಾಳೆ ಸ್ವಂತ ಕ್ಲಿನಿಕ್ ತೆರೆದರೆ ಅಪ್ಪನನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಅವಳ ಮೊದಲನೇ ವರ್ಷದಲ್ಲಿ ಆಗಿದ್ದರೆ ಹೋಗುತ್ತಿರಲಿಲ್ಲ, ಅವಳೂ ಬನ್ನಿ ಅನ್ನುತ್ತಿರಲಿಲ್ಲ.