ಬೊಂಡಾಸಿನ ನರ ಮತ್ತು ಎಚ್-ಇಂಡೆಕ್ಸ್

ಮಧ್ಯಾಹ್ನದಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಬರೆಯದೆ ನಿದ್ದೆ ಬರುವುದಿಲ್ಲ.

ಇಲ್ಲೇ ಮಂಗಳೂರಿನ ಒಂದು ಕಾಲೇಜಿಗೆ ಸಂದರ್ಶನ ಸಮಿತಿಯಲ್ಲಿ ಕೂರಲು ಕರೆದಿದ್ದರು. ಫಿಸಿಯಾಲಜಿಗೆ ಒಬ್ಬರು ಬೇಕಿತ್ತು. ಬಂದವರಲ್ಲಿ ಒಬ್ಬರು ನರಕೋಶಗಳ ಮೇಲೆ ಏಳು ವರ್ಷ ಕೆಲಸ ಮಾಡಿದ್ದರು. ನಾಲ್ಕು ಸಂಶೋಧನಾ ಪೇಪರ್. ಕೂತ ಕೂಡಲೇ ಮೊದಲ ಪ್ರಶ್ನೆ, "ನಿಮ್ಮ ಎಚ್-ಇಂಡೆಕ್ಸ್ ಎಷ್ಟು ಮೇಡಂ?" ಆಕೆ "ಮೂರು ಸರ್" ಅಂದರು. ಕೇಳಿದವರು ಫೈಲ್ ಮುಚ್ಚಿಟ್ಟರು. ಕೆಲಸದ ಬಗ್ಗೆ ಅಲ್ಲಿಯವರೆಗೆ ಒಂದು ಮಾತೂ ಬಂದಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಿಮ್ಮ ಹತ್ತು ಪೇಪರ್‌ಗಳನ್ನು ತಲಾ ಹತ್ತು ಸಲವಾದರೂ ಬೇರೆ ಪೇಪರ್‌ಗಳಲ್ಲಿ ಹೆಸರಿಸಿದ್ದರೆ ನಿಮ್ಮ ಎಚ್-ಇಂಡೆಕ್ಸ್ 10. 2005ರಲ್ಲಿ ಹಾರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಕೊಟ್ಟ ಲೆಕ್ಕ ಇದು. ಒಬ್ಬ ಮನುಷ್ಯನ ಕೆಲಸವನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯಲು ಆಗುವುದಿಲ್ಲ, ಸಿಗುವುದು ಅಂದಾಜು ಮಾತ್ರ ಅಂತ ಆ ಪೇಪರ್‌ನಲ್ಲಿ ಅವರೇ ಬರೆದಿದ್ದಾರೆ. ಅದನ್ನು ಯಾರೂ ಓದುವುದಿಲ್ಲ.

ನಮ್ಮ ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಬೊಂಡಾಸ್ (ಸ್ಕ್ವಿಡ್) ಬುಟ್ಟಿಗಟ್ಟಲೆ ಬರುತ್ತದಲ್ವಾ? ಅದರ ಮೈಯೊಳಗೆ ಕಣ್ಣಿಗೇ ಕಾಣುವಷ್ಟು ದಪ್ಪದ ನರದ ಎಳೆಯೊಂದಿದೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಬ್ಬರು ವಿಜ್ಞಾನಿಗಳು ಅಂಥ ಎಳೆಯೊಳಗೆ ತಂತಿ ತೂರಿಸಿ, ನರದಲ್ಲಿ ವಿದ್ಯುತ್ ಸಂಕೇತ ಹೇಗೆ ಹುಟ್ಟುತ್ತದೆ ಅಂತ ಕಂಡುಹಿಡಿದರು. 1952ರಲ್ಲಿ ಐದು ಪೇಪರ್ ಬಂದವು, ಮೊದಲನೆಯದರಲ್ಲಿ ಜೊತೆಗಾರ ಕಾಟ್ಜ್ ಕೂಡ ಇದ್ದರು. 1963ರಲ್ಲಿ ಹಾಜ್‌ಕಿನ್, ಹಕ್ಸ್‌ಲಿ ಇಬ್ಬರಿಗೂ ನೊಬೆಲ್ ಬಂತು. ಇವತ್ತಿಗೂ ಮಕ್ಕಳಿಗೆ ನಾವು ಪಾಠ ಮಾಡುವುದು ಅದನ್ನೇ. ಈಗ ಲೆಕ್ಕ ಹಾಕಿ. ಆ ಐದೇ ಪೇಪರ್ ಹಿಡಿದುಕೊಂಡು ಯಾರಾದರೂ ನಮ್ಮ ಮುಂದೆ ಬಂದು ಕೂತರೆ ಅವರ ಎಚ್-ಇಂಡೆಕ್ಸ್ ಐದು. ಲೋಕವೆಲ್ಲ ಹೊಗಳಿದರೂ ಆರು ಆಗುವುದಿಲ್ಲ. ಫೈಲ್ ಮುಚ್ಚುತ್ತಿದ್ದೆವು.

ಸೈಟೇಷನ್, ಅಂದರೆ ಒಂದು ಪೇಪರನ್ನು ಬೇರೆಯವರು ಹೆಸರಿಸಿದ್ದು ಎಷ್ಟು ಸಲ ಅಂತ ಎಣಿಸಿದರೂ ಅಷ್ಟೇ. ಪ್ರೋಟೀನ್ ಅಳೆಯುವ ವಿಧಾನದ ಬಗ್ಗೆ ಲೌರಿ ಮತ್ತು ಜೊತೆಗಾರರು 1951ರಲ್ಲಿ ಬರೆದ ಪೇಪರನ್ನು 2014ರ ಹೊತ್ತಿಗೇ 3 ಲಕ್ಷಕ್ಕೂ ಜಾಸ್ತಿ ಸಲ ಹೆಸರಿಸಲಾಗಿತ್ತು. ಒಳ್ಳೆಯ, ಉಪಯೋಗದ ಪೇಪರ್. ಪ್ರೋಟೀನ್ ಅಳೆಯುವ ಲ್ಯಾಬ್‌ಗಳು ಎಲ್ಲೆಲ್ಲೂ ಇರುವುದರಿಂದ ಅಷ್ಟು ಸಂಖ್ಯೆ. ಒಂದು ಬಗೆಯ ನರಕೋಶದ ಒಂದು ವಿದ್ಯುತ್ ಪ್ರವಾಹದ ಬಗ್ಗೆ ಬರೆದರೆ ಅದನ್ನು ಹೆಸರಿಸುವವರು ಎಷ್ಟು ಮಂದಿ ಇರುತ್ತಾರೆ ಹೇಳಿ.

ಆಕೆ ಮಾಡುವುದು ಪ್ಯಾಚ್ ಕ್ಲ್ಯಾಂಪ್, ಅಂದರೆ ಕೋಶದ ಸಣ್ಣ ವಿದ್ಯುತ್ ಪ್ರವಾಹ ಅಳೆಯುವ ಕೆಲಸ. ನೆಹರ್ ಮತ್ತು ಸಾಕ್‌ಮನ್ 1976ರಲ್ಲಿ ತೋರಿಸಿಕೊಟ್ಟ ವಿಧಾನ, 1991ರಲ್ಲಿ ಅವರಿಗೆ ನೊಬೆಲ್ ಬಂತು. ನಾನೂ ಪಿಎಚ್‌ಡಿಯಲ್ಲಿ ಅದನ್ನೇ ಮಾಡಿದವನು, ಹಳೆಯ ಗೆಳೆಯರಿಗೆ ಗೊತ್ತು. ಇಲಿಯ ಮಿದುಳಿನ ತೆಳ್ಳನೆ ಹೋಳು, ಅದು ಬದುಕಿರಲಿ ಅಂತ ಆಮ್ಲಜನಕ ಗುಳುಗುಳು ಬಿಡುತ್ತಿರುವ ಉಪ್ಪುನೀರು. ಗಾಜಿನ ನಳಿಕೆಯ ತುದಿ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು. ಅದನ್ನು ಕೋಶಕ್ಕೆ ತಾಗಿಸಿ, ಟ್ಯೂಬಿನ ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಮೆಲ್ಲಗೆ ಉಸಿರೆಳೆಯಬೇಕು. ಸ್ವಲ್ಪ ಜಾಸ್ತಿ ಎಳೆದರೆ ಕೋಶ ಸತ್ತಿತು. ಕಾರಿಡಾರಿನಲ್ಲಿ ಯಾರೋ ಬಾಗಿಲು ದಡಕ್ಕನೆ ಹಾಕಿದರೆ ಹಿಡಿತ ತಪ್ಪಿತು. ಬೆಳಗ್ಗೆ ಎಂಟಕ್ಕೆ ಕೂತು ರಾತ್ರಿ ಹತ್ತಕ್ಕೆ ಬರಿಗೈಯಲ್ಲಿ ಎದ್ದ ದಿನಗಳು ನನಗೆ ಲೆಕ್ಕವಿಲ್ಲ. ಅಂಥ ಏಳು ವರ್ಷ ಕಳೆದು ಬಂದವರನ್ನು ಒಂದು ಅಂಕಿ ಕೇಳಿ ಕಳಿಸಿದೆವು.

ಊಟದ ಹೊತ್ತಿಗೆ ಸಮಿತಿಯ ಇನ್ನೊಬ್ಬರು ಹೇಳಿದರು, "ನಂಬರ್ ಇಲ್ಲದಿದ್ದರೆ ಶಿಫಾರಸು ನಡೀತದೆ ಮಾರಾಯ್ರೆ. ನಂಬರ್‌ಗೆ ಜಾತಿ ಇಲ್ಲ, ಮಾವ ಇಲ್ಲ." ಆ ಭಯ ನನಗೂ ಅರ್ಥವಾಗುತ್ತದೆ. ಆದರೆ ನಂಬರನ್ನೂ ಬೆಳೆಸಬಹುದು. ತಮ್ಮ ಪೇಪರನ್ನು ತಾವೇ ಹೆಸರಿಸಿಕೊಳ್ಳುವವರಿದ್ದಾರೆ, ಕೆಲಸ ಮಾಡದ ಪೇಪರ್‌ಗೆ ಹೆಸರು ಸೇರಿಸಿಕೊಳ್ಳುವವರಿದ್ದಾರೆ. ಶಿಫಾರಸು ತಡೆಯಬೇಕಾದರೆ ಸಮಿತಿಯವರು ಪೇಪರ್ ಓದಿಕೊಂಡು ಬರಲಿ. ನಾಲ್ಕು ಪೇಪರ್ ಓದಲು ಒಂದು ಸಂಜೆ ಸಾಕು.

ಒಂದು ಮಾತು ಮುಚ್ಚಿಡಬಾರದು. ಕಳೆದ ವರ್ಷ ಬೇರೊಂದು ಸಮಿತಿಯಲ್ಲಿ ನಾನೂ ಹೀಗೇ ಮಾಡಿದ್ದೆ. ಹದಿನೆಂಟು ಅರ್ಜಿ ಇದ್ದವು, ಸಮಯ ಇರಲಿಲ್ಲ. ಎಚ್-ಇಂಡೆಕ್ಸ್ ನೋಡಿ ಎಂಟನ್ನು ಬದಿಗಿಟ್ಟೆ. ಆ ಎಂಟರಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮಧ್ಯಾಹ್ನ ಆಕೆ ಕುರ್ಚಿ ಹಿಂದೆ ಸರಿಸಿ ಎದ್ದಾಗ ನೆನಪಾದದ್ದು ಅದೇ.

ಹೊರಗೆ ಮಳೆ ಹೊಯ್ಯುತ್ತಿದೆ. ಆಕೆಯ ಎರಡನೇ ಪೇಪರ್ ಮುಂದಿಟ್ಟುಕೊಂಡು ಕೂತಿದ್ದೇನೆ. ಮೂರನೇ ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಹನ್ನೊಂದು ಕೋಶಗಳು ಅಂತಿದೆ. ಹನ್ನೊಂದು ಸಿಗಲು ಎಷ್ಟು ಕೈತಪ್ಪಿ ಹೋಗಿರುತ್ತವೆ ಅಂತ ನನಗೆ ಗೊತ್ತು. ಪ್ರವಾಹ ದಾಖಲಾದ ಗೆರೆಗಳು ಎಷ್ಟು ಸ್ವಚ್ಛವಾಗಿವೆ ಅಂದರೆ, ನನ್ನ ಐದು ವರ್ಷದಲ್ಲಿ ಅಂಥದ್ದು ನನ್ನ ಕೈಗೆ ಎರಡೋ ಮೂರೋ ಸಲ ಸಿಕ್ಕಿರಬಹುದು. ಅಂತಿಮ ಪಟ್ಟಿಗೆ ನಾನಿನ್ನೂ ಸಹಿ ಹಾಕಿಲ್ಲ. ಆಕೆಯನ್ನು ಇನ್ನೊಮ್ಮೆ ಕರೆದು ಈ ಚಿತ್ರದ ಬಗ್ಗೆ ಕೇಳೋಣ ಅಂತ ಸಮಿತಿಗೆ ಈಗಲೇ ಮೇಲ್ ಬರೆಯುತ್ತೇನೆ.