ಸೂರ್ಯನನ್ನು ಹೊರಗೆ ಹಾಕಿ ಸೊಪ್ಪು ಬೆಳೆಯುವ ಕ್ರಮ

ಮೊದಲು ಕಿಟಕಿಯಿಲ್ಲದ ಗೋದಾಮು ಹುಡುಕಿ. ಬಿಟ್ಟಿ ಬಿಸಿಲು ಸುರಿಯುವ ಬೆಂಗಳೂರಿನಲ್ಲಿ ಒಳಾಂಗಣ ಕೃಷಿಯ ಭೂಮಿಪೂಜೆ ಎಂದರೆ ಸೂರ್ಯನಿಗೆ ಬಾಗಿಲು ಹಾಕುವುದು. ಒಳಗೆ ಹತ್ತು ಅಂತಸ್ತಿನ ರ‍್ಯಾಕು, ಅಂತಸ್ತಿಗೊಂದು ಸಾಲು ಗುಲಾಬಿ ಎಲ್‌ಇಡಿ. ನೋಡಲು ಆರತಕ್ಷತೆ ಮಂಟಪದ ಹಾಗಿದ್ದರೆ ಹೂಡಿಕೆದಾರರು ಬೇಗ ಅಕ್ಷತೆ ಹಾಕುತ್ತಾರೆ.

ಇನ್ನು ಲೆಕ್ಕ. ಲೆಟ್ಯೂಸಿಗೆ, ಅಂದರೆ ಸಲಾಡಿಗೆ ಹಾಕುವ ಸೊಪ್ಪಿಗೆ, ದಿನಕ್ಕೆ 16 ಗಂಟೆ ಬೆಳಕು ಬೇಕು. ಒಳ್ಳೆಯ ಎಲ್‌ಇಡಿ ಹಾಕಿದರೂ ಚದರ ಮೀಟರಿಗೆ ಸುಮಾರು 67 ವಾಟ್, ಅಂದರೆ ದಿನಕ್ಕೆ ಒಂದು ಯೂನಿಟ್ಟಿನ ಮೇಲೆ ಚೂರು. 35 ದಿನಕ್ಕೆ 37 ಯೂನಿಟ್ ಉರಿಸಿದರೆ ಕೈಗೆ ಬರುವುದು ಸುಮಾರು ಮೂರು ಕೆ.ಜಿ. ಸೊಪ್ಪು. ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೆ ಕೆ.ಜಿ.ಗೆ ದೀಪದ ಖರ್ಚೇ 100 ರೂಪಾಯಿ. ಆ ಬೆಳಕೆಲ್ಲ ಕೊನೆಗೆ ಶಾಖವಾಗುತ್ತದೆ, ಅದನ್ನು ಹೊರದಬ್ಬಲು ಎಸಿ ಬೇರೆ. ಇಷ್ಟಾಗಿ ಒಂದು ಕೆ.ಜಿ. ಲೆಟ್ಯೂಸಿನಲ್ಲಿ 950 ಗ್ರಾಂ ನೀರು. ಈ ಕೃಷಿಯವರು ನೀರು ಉಳಿಸುತ್ತೇವೆ ಅನ್ನುವುದು ಸುಳ್ಳಲ್ಲ ಬಿಡಿ. ಉಳಿಸಿದ್ದನ್ನೇ ಎಲೆಯಲ್ಲಿ ತುಂಬಿ ತೂಕಕ್ಕೆ ಮಾರುತ್ತಾರೆ.

ಇಲ್ಲಿ ಮಣ್ಣಿಲ್ಲ, ಪೈಪಿನಲ್ಲಿ ಹರಿಯುವ ಗೊಬ್ಬರದ ನೀರೇ ಎಲ್ಲ. ಆ ದ್ರಾವಣದ ಪಿಎಚ್ (ಹುಳಿಯ ಅಳತೆ) 5.5ರಿಂದ 6.5, ಇಸಿ (ಕರಗಿದ ಲವಣದ ಅಳತೆ) 1.2ರಿಂದ 1.8. ಎಲ್ಲ ಸರಿಯಿದ್ದರೂ ಎಳೆ ಎಲೆಯ ಅಂಚು ಸುಟ್ಟು ಕಪ್ಪಾಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಗಾಳಿಯಾಡದ ಕಡೆ ಎಳೆ ಎಲೆ ಬೆವರುವುದಿಲ್ಲ. ಬೆವರದೆ ಕ್ಯಾಲ್ಸಿಯಂ ಅಲ್ಲಿಗೆ ತಲುಪುವುದಿಲ್ಲ. ಅದಕ್ಕೆ ಅಂತಸ್ತಿಗೊಂದು ಫ್ಯಾನು. ಬಿಸಿಲಿಗಾಯಿತು, ಗಾಳಿಗೂ ಕರೆಂಟ್ ಬಿಲ್ಲು. ಬೆವರಿದ ತೇವ ಕೋಣೆಯಲ್ಲೇ ಉಳಿದರೆ ಬೂಷ್ಟು. ಅದನ್ನು ಹೀರಲು ಇನ್ನೊಂದು ಯಂತ್ರ. ಕರೆಂಟ್ ಹೋಯಿತೋ, ಪಂಪು ನಿಂತು ಪೈಪಿನೊಳಗಿನ ಬೇರು ಒಣಗತೊಡಗುತ್ತದೆ. ತೊಟ್ಟಿಯ ನೀರು 25 ಡಿಗ್ರಿ ದಾಟಿದರೆ ಬೇರುಕೊಳೆಗೆ ಹಬ್ಬ. ಆದ್ದರಿಂದ ಹಸಿರು ಕೃಷಿಯ ಹಿತ್ತಲಲ್ಲಿ ಡೀಸೆಲ್ ಜನರೇಟರ್ ಗುಡುಗುತ್ತಿರಬೇಕು.

ಅಮೆರಿಕದವರು ಈ ವ್ರತವನ್ನು ಉದ್ಯಾಪನೆಯವರೆಗೂ ಮಾಡಿ ಮುಗಿಸಿದ್ದಾರೆ. ಅಲ್ಲಿನ ಒಳಾಂಗಣ ಕೃಷಿ ಕಂಪನಿಗಳಲ್ಲಿ ಏರೋಫಾರ್ಮ್ಸ್ 2023ರಲ್ಲಿ ದಿವಾಳಿ ಅರ್ಜಿ ಹಾಕಿತು, 230 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೋವರಿ 2024ರಲ್ಲಿ ಬಾಗಿಲು ಮುಚ್ಚಿತು, 2025ರಲ್ಲಿ ಪ್ಲೆಂಟಿಯದೂ ದಿವಾಳಿ ಅರ್ಜಿ. ಸಸಿ ಮಡಿಗೆ, ಮೊದಲ ಎರಡು ವಾರಕ್ಕೆ, ಈ ಪದ್ಧತಿ ನಿಜಕ್ಕೂ ಒಳ್ಳೆಯದೇ. ಆದರೆ ಸಸಿ ಮಡಿ ತೋರಿಸಿದರೆ ಯಾರು ಕೋಟಿ ಕೊಡುತ್ತಾರೆ?

“ಜಾಗ ಉಳಿಯುತ್ತಲ್ಲ ಸಾರ್!” ಉಳಿಯುತ್ತದೆ. ಸೌರಫಲಕದಿಂದ ನಡೆಸೋಣವೆಂದರೆ, ಒಂದು ಚದರ ಮೀಟರ್ ಫಲಕ ನಮ್ಮ ಬಿಸಿಲಿಗೆ ಕೊಡುವುದು ದಿನಕ್ಕೆ ಸುಮಾರು ಒಂದು ಯೂನಿಟ್. ಹತ್ತು ಅಂತಸ್ತಿಗೆ ಎಸಿ, ಫ್ಯಾನು ಬಿಟ್ಟೂ ಗೋದಾಮಿನ ನೆಲದ ಹತ್ತು ಪಟ್ಟು ಫಲಕ ಬೇಕು. ಅದನ್ನು ಹಾಸಲು ಹೊಲ ಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸೌರವಿದ್ಯುತ್ತಿಗೆಂದು ರೈತರ 13,000 ಎಕರೆ ಗುತ್ತಿಗೆ ಹಿಡಿದು ಹಾಸಿದ್ದು ಇದ್ದೇ ಇದೆ. ಅಲ್ಲಿ ಬಿದ್ದ ಬಿಸಿಲಿನ ಐದನೇ ಒಂದು ಪಾಲು ಕರೆಂಟಾಗಿ, ತಂತಿ ಹಿಡಿದು ನಗರಕ್ಕೆ ಬಂದು, ಅದರಲ್ಲಿ ಅರ್ಧ ಮತ್ತೆ ಬೆಳಕಾಗಿ ಲೆಟ್ಯೂಸಿನ ತಲೆ ಮೇಲೆ ಬೀಳುತ್ತದೆ. ಗೋದಾಮಿನ ಚಾವಣಿ ಮೇಲೆ ಕಾಯುತ್ತಿದ್ದ ಸೂರ್ಯನನ್ನು ಪಾವಗಡ ಸುತ್ತಿಸಿ ಹಿಂಬಾಗಿಲಿನಿಂದ ಒಳಗೆ ಕರೆದದ್ದಾಯಿತು. ದಾರಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸೋರಿಹೋಗಿದೆ, ಅಷ್ಟೆ.